ನಿಂತ ಗಿರಣಿಗೆ ಹುಳ ಬೀಳುತ್ತದೆ

ನಮ್ಮ ಹೊಲದ ಬಾವಿ ಪಕ್ಕ ನಾಲ್ಕು ಸಿಮೆಂಟ್ ಗಡ್ಡೆಗಳಿವೆ. ಒಂದೊಂದರಿಂದಲೂ ತುಕ್ಕು ಹಿಡಿದ ಬೋಲ್ಟು ಮೇಲೆ ಎದ್ದು ನಿಂತಿದೆ. ಎತ್ತಿನ ಕಾಲಿಗೆ ತಾಗೀತೆಂದು ಸುತ್ತ ಕಲ್ಲು ಪೇರಿಸಿಟ್ಟಿದ್ದೇವೆ. ಎರಡು ವರ್ಷದ ಹಿಂದೆ ನನ್ನ ತಮ್ಮನ ಮಗ, ಆರನೇ ಇಯತ್ತೆಯ ಹುಡುಗ, ಅದರ ಮೇಲೆ ಕೂತು ಕೇಳಿದ: "ದೊಡ್ಡಪ್ಪಾ, ಇಲ್ಲಿ ಏನಿತ್ತು?"

"ಗಾಳಿಯಂತ್ರ ಇತ್ತಪ್ಪಾ. ನಿಮ್ಮ ಅಜ್ಜ ಹಾಕಿಸಿದ್ದು."

"ಹೆಂಗಿತ್ತು? ಫೋಟೋ ಐತೇನು?"

ಇರಲಿಲ್ಲ. ಹದಿಮೂರು ವರ್ಷ ಆ ಯಂತ್ರದ ಕೆಳಗೆ ಉಂಡಿದ್ದೇವೆ, ಮಲಗಿದ್ದೇವೆ. ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ. ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರ ಬರೆದು ತೋರಿಸಹೋದೆ. ರೆಕ್ಕೆ ಬರೆದೆ, ಬಾಲ ಬರೆದೆ. ನಡುವಿನ ಸಾಮಾನು ಹೇಗಿತ್ತೆಂದು ನನಗೇ ನೆನಪಾಗಲಿಲ್ಲ. ಕೈ ನಿಂತಿತು.

ಹೋದ ವರ್ಷ ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್‌ಗೆ ಹೋಗಿ ಮೂರು ತಿಂಗಳು ಇದ್ದೆವು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಅಳಿಯಂದಿರು ನನ್ನ ಬೇಸರ ನೋಡಿ ಒಂದು ಶನಿವಾರ ಹತ್ತಿರದ ಹಳ್ಳಿಯ ಗಾಳಿಗಿರಣಿಗೆ ಕರೆದೊಯ್ದರು. ಆಮೇಲೆ ಪ್ರತಿ ಶನಿವಾರ ಅದೇ ಹಾದಿ. ನನಗೆ ಅವರ ಭಾಷೆ ಬಾರದು, ಅಳಿಯಂದಿರೇ ದುಭಾಷಿ. ಅಲ್ಲಿ ನೋಡಿದ್ದು, ಕೇಳಿದ್ದು ನಮ್ಮ ಓದುಗ ರೈತರಿಗೂ ಬೇಕಾದೀತೆಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಎತ್ತುವುದು, ಅಲ್ಲಿ ಹೊರಹಾಕುವುದು

ನಾವು ಗದಗ ಸೀಮೆಯ ಒಣಬೇಸಾಯದವರು. ನಮಗೆ ಗಾಳಿಯಂತ್ರವೆಂದರೆ ಬಾವಿಯ ನೀರು ಮೇಲೆತ್ತುವುದು. ಆ ದೇಶದಲ್ಲಿ ತದ್ವಿರುದ್ಧ. ಹೊಲದಲ್ಲಿ ನಿಂತ ನೀರನ್ನು ಎತ್ತಿ ಆಚೆ ಚೆಲ್ಲಲಿಕ್ಕೆ ಗಾಳಿಗಿರಣಿ. ದೇಶದ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ತಗ್ಗು. ಬೇಮ್‌ಸ್ಟರ್ ಎಂಬ ದೊಡ್ಡ ಕೆರೆಯನ್ನು 40ಕ್ಕೂ ಹೆಚ್ಚು ಗಾಳಿಗಿರಣಿ ಹಚ್ಚಿ ಬತ್ತಿಸಿ 1612ರಲ್ಲಿ ಹೊಲ ಮಾಡಿದರಂತೆ. ಒಂದೇ ಗಿರಣಿಗೆ ಅಷ್ಟು ಎತ್ತರ ಎತ್ತಲಾಗದು. ಒಂದು ಎತ್ತಿ ಕಾಲುವೆಗೆ ಹಾಕುತ್ತದೆ, ಅದನ್ನು ಇನ್ನೊಂದು ಎತ್ತಿ ಮೇಲಿನ ಕಾಲುವೆಗೆ ಹಾಕುತ್ತದೆ. ಕೆರೆ ಒಡೆದರೆ ಬುಟ್ಟಿ ಕೈಯಿಂದ ಕೈಗೆ ದಾಟಿಸುತ್ತೇವಲ್ಲ, ಹಾಗೆ.

ನೀರೆತ್ತುವುದಲ್ಲದೆ ಹಿಟ್ಟು ಬೀಸಲು, ಎಣ್ಣೆ ತೆಗೆಯಲು, ಮರ ಕೊಯ್ಯಲು, ಕಾಗದ ಮಾಡಲು ಕೂಡ ಗಾಳಿಯೇ. ಹರಿಯುವ ಹಳ್ಳ ಇದ್ದಲ್ಲಿ ನೀರಗಿರಣಿ. ಸುಮಾರು 1850ರ ಹೊತ್ತಿಗೆ ಆ ಸಣ್ಣ ದೇಶದಲ್ಲಿ 9,000ಕ್ಕೂ ಮೇಲೆ ಗಿರಣಿಗಳಿದ್ದವು. ಉಗಿಯಂತ್ರ ಬಂತು, ಡೀಸೆಲ್ ಬಂತು, ಕರೆಂಟು ಬಂತು. ಒಂದೊಂದಾಗಿ ಕಿತ್ತರು. ಮರ ಉರುವಲಾಯಿತು, ಕಬ್ಬಿಣ ಗುಜರಿಗೆ ಹೋಯಿತು. ಈಗ ಉಳಿದಿರುವುದು ನೀರಿನವು, ಗಾಳಿಯವು ಎಲ್ಲ ಸೇರಿ ಸುಮಾರು 1,200.

ಅಂದರೆ ನಾವು ಮಾಡಿದ ತಪ್ಪನ್ನೇ ಅವರೂ ಮಾಡಿದವರು. ಆದರೆ ಅವರಿಗೆ ನಡುದಾರಿಯಲ್ಲಿ ಎಚ್ಚರವಾಯಿತು. 1923ರಲ್ಲಿ ಗಿರಣಿಗಳನ್ನು ಉಳಿಸಲೆಂದೇ ಒಂದು ಸಂಘ ಕಟ್ಟಿಕೊಂಡರು. ಆ ಸಂಘ ಇವತ್ತಿಗೂ ನಡೆದಿದೆ.

ಗಿರಣಿಯ ಒಳಗೆ

ನಾನು ಏಳನೇ ಇಯತ್ತೆ ಮುಗಿಸಿದ ಮೇಲೆ ಎರಡು ವರ್ಷ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ದುಡಿದವನು. ಹಾಗಾಗಿ ಅಲ್ಲಿ ಒಳಗೆ ಕಾಲಿಟ್ಟ ಕೂಡಲೇ ಹಿಟ್ಟಿನ ವಾಸನೆಗೆ ಊರಿಗೆ ಬಂದಂತಾಯಿತು.

ರಚನೆ ಹೀಗಿದೆ. ಹೊರಗೆ ನಾಲ್ಕು ರೆಕ್ಕೆ. ರೆಕ್ಕೆಯೆಂದರೆ ಮರದ ಜಾಲರಿ, ಅದರ ಮೇಲೆ ತಾಡಪತ್ರಿಯಂಥ ಬಟ್ಟೆ. ಗಾಳಿ ಸಣ್ಣದಿದ್ದರೆ ಬಟ್ಟೆ ಪೂರ್ತಿ ಬಿಚ್ಚಬೇಕು, ಜೋರಿದ್ದರೆ ಅರ್ಧ ಸುತ್ತಬೇಕು, ಬಿರುಗಾಳಿಗೆ ಬರೀ ಜಾಲರಿಯೇ ಸಾಕು. ಗಿರಣಿಯ ತಲೆಯ ಮೇಲೆ ಟೊಪ್ಪಿಗೆಯಂಥ ಭಾಗ. ಅದಕ್ಕೆ ಹಿಂದುಗಡೆ ಉದ್ದ ಬಾಲದ ಮರ, ಬಾಲದ ತುದಿಗೆ ರಾಟೆ. ಗಾಳಿ ದಿಕ್ಕು ಬದಲಿಸಿದರೆ ಆ ರಾಟೆ ತಿರುಗಿಸಿ ಇಡೀ ಟೊಪ್ಪಿಗೆಯನ್ನೇ ಗಾಳಿಗೆ ಎದುರು ಮಾಡಬೇಕು. ನಮ್ಮ ಯಂತ್ರಕ್ಕೆ ತಗಡಿನ ಬಾಲವಿತ್ತು, ಅದು ತಾನೇ ತಿರುಗುತ್ತಿತ್ತು. ಇಲ್ಲಿ ಮನುಷ್ಯನೇ ಕಾಯಬೇಕು.

ರೆಕ್ಕೆಯ ಅಚ್ಚಿನ ಮೇಲೆ ಆಳೆತ್ತರಕ್ಕೂ ದೊಡ್ಡದಾದ ಹಲ್ಲಿನ ಚಕ್ರ, ಅದರ ಸುತ್ತ ಮರದ ಬ್ರೇಕು. ಆ ಚಕ್ರ ನಡುವಿನ ನಿಟ್ಟಗಂಬವನ್ನು ತಿರುಗಿಸುತ್ತದೆ. ಕಂಬದ ಕೆಳಗಿನ ಚಕ್ರ ಬೀಸುವ ಕಲ್ಲನ್ನು ತಿರುಗಿಸುತ್ತದೆ. ಚಕ್ರ ದೊಡ್ಡದು, ಅದಕ್ಕೆ ಕೂಡುವ ಗಾಲಿ ಸಣ್ಣದು. ಹಾಗಾಗಿ ರೆಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಕಲ್ಲು ಹಲವು ಸುತ್ತು ಬಂದಿರುತ್ತದೆ. ಕಲ್ಲಿನ ಅಡ್ಡಳತೆ ಒಂದೂವರೆ ಮೀಟರಿನ ಹತ್ತಿರ. ಕೆಳಗಿನದು ಕದಲದು, ಮೇಲಿನದು ತಿರುಗುತ್ತದೆ, ನಮ್ಮ ಮನೆಯ ಬೀಸುವ ಕಲ್ಲಿನಂತೆಯೇ. ಕಲ್ಲು ಸವೆದರೆ ಎತ್ತಿ ಮಗುಚಿ ಉಳಿ ಹೊಡೆದು ಮತ್ತೆ ಹರಿತ ಮಾಡಬೇಕು.

ಹಲ್ಲುಗಳೆಲ್ಲ ಮರದವು. ಅವಕ್ಕೆ ಜೇನುಮೇಣ ಹಚ್ಚುತ್ತಾರೆ. ರೆಕ್ಕೆಯ ಅಚ್ಚು ಕೂರುವ ಜಾಗಕ್ಕೆ ಹಂದಿಯ ಕೊಬ್ಬು. ಗ್ರೀಸು ಯಾಕಿಲ್ಲ ಎಂದು ಕೇಳಿದೆ. ಗಿರಣಿ ಅಜ್ಜ ನಕ್ಕು ಹೇಳಿದರು: "ಈ ಗಿರಣಿ ಹುಟ್ಟಿದಾಗಿನಿಂದ ಇದನ್ನೇ ಉಂಡಿದೆ."

ಅಜ್ಜ ವೇಗವನ್ನು ಮೀಟರಿನಲ್ಲಿ ನೋಡುವುದಿಲ್ಲ. ಕೆಳಗೆ ನಿಂತು ಒಂದು ನಿಮಿಷದಲ್ಲಿ ಎಷ್ಟು ರೆಕ್ಕೆ ಮುಂದೆ ಹಾದವೆಂದು ಎಣಿಸುತ್ತಾರೆ. 60ರಿಂದ 80 ರೆಕ್ಕೆ ಹಾದರೆ ಒಳ್ಳೆ ಓಟ. ಅಂದರೆ ನಿಮಿಷಕ್ಕೆ 15ರಿಂದ 20 ಸುತ್ತು. ನಡುನಡುವೆ ಬೆರಳ ನಡುವೆ ಹಿಟ್ಟು ಉಜ್ಜಿ ನೋಡುತ್ತಾರೆ. ಆ ಉಜ್ಜುವ ರೀತಿ ನನಗೆ ಗೊತ್ತಿತ್ತು. ನಾನೂ ಕೈಚಾಚಿದೆ. ಸ್ವಲ್ಪ ತರಿ ಇತ್ತು. ಕೈಸನ್ನೆಯಲ್ಲಿ ಹೇಳಿದೆ. ಅವರು ಕಲ್ಲನ್ನು ಒಂದು ಕೂದಲೆಳೆ ಇಳಿಸಿದರು. ಆವತ್ತಿನಿಂದ ನಮಗೆ ದುಭಾಷಿಯ ಅಗತ್ಯ ಅರ್ಧ ಕಡಿಮೆಯಾಯಿತು.

ಗಿರಣಿ ಉಳಿಯಿತು, ನಡೆಸುವವರು ಇಲ್ಲ

1923ರ ಸಂಘ ಗೋಡೆ, ರೆಕ್ಕೆ ರಿಪೇರಿ ಮಾಡಿಸಿತು. ಸರಕಾರವೂ ಹಣ ಕೊಟ್ಟಿತು. ಆದರೂ ಗಿರಣಿಗಳು ಕೆಡುತ್ತಲೇ ಇದ್ದವು. ಏಕೆಂದರೆ ಅವು ಬರೀ ನಿಂತಿದ್ದವು.

ಗಿರಣಿ ನಿಂತರೆ ಏನಾಗುತ್ತದೆ ಎಂಬುದನ್ನು ಅಜ್ಜ ಒಂದು ಹಳೇ ತೊಲೆ ತೋರಿಸಿ ವಿವರಿಸಿದರು. ರೆಕ್ಕೆ ಒಂದೇ ಭಂಗಿಯಲ್ಲಿದ್ದರೆ ಮಳೆ ಒಂದೇ ಮಗ್ಗುಲಿಗೆ ಬೀಳುತ್ತದೆ, ಅಲ್ಲೇ ಕೊಳೆಯುತ್ತದೆ. ಮರ ಅಲುಗದಿದ್ದರೆ ಹುಳ ನೆಮ್ಮದಿಯಾಗಿ ಕೊರೆಯುತ್ತದೆ. ಒಳಗೆ ಯಾರೂ ಓಡಾಡದಿದ್ದರೆ ಸಣ್ಣ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಿಂಗಳಿಗೆ ಒಮ್ಮೆಯಾದರೂ ತಿರುಗಿಸುವವನು ಏಣಿ ಹತ್ತುತ್ತಾನೆ, ಸೋರಿಕೆ ನೋಡುತ್ತಾನೆ, ಸಡಿಲಾದ ಬೆಣೆ ಬಡಿಯುತ್ತಾನೆ. ನಿಂತ ಬಂಡಿಯ ಅಚ್ಚು, ಕಟ್ಟಿಹಾಕಿದ ಎತ್ತಿನ ಕಾಲು ನಮಗೆ ಗೊತ್ತಿಲ್ಲವೇ? ಅದೇ ಮಾತು.

ಹೊಟ್ಟೆಪಾಡಿಗೆ ಗಿರಣಿ ನಡೆಸುವವರು ಆ ಹೊತ್ತಿಗೆ ಬಹಳ ಕಡಿಮೆಯಾಗಿದ್ದರು. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದರು. ವಿದ್ಯೆ ಪುಸ್ತಕದಲ್ಲಿ ಇರಲಿಲ್ಲ, ಮುದುಕರ ಕೈಯಲ್ಲಿತ್ತು. ಆಗ 1972ರಲ್ಲಿ ಸಂಬಳವಿಲ್ಲದೆ ಗಿರಣಿ ನಡೆಸಲು ಬಯಸುವವರ ಒಂದು ಬಳಗ ಹುಟ್ಟಿತು. ಹಳೇ ಗಿರಣಿಯವರನ್ನು ಹಿಡಿದು ಅವರ ಜೊತೆ ನಿಂತು ಕಲಿತರು, ಕಲಿತದ್ದನ್ನು ಪಾಠವಾಗಿ ಬರೆದರು, ಪರೀಕ್ಷೆ ಇಟ್ಟರು. ಇವತ್ತಿಗೂ ಗಿರಣಿ ಕಲಿಯುವವನು ಕನಿಷ್ಠ 150 ಗಂಟೆ ಕೈಕೆಲಸ ಮಾಡಬೇಕು. ಎಲ್ಲ ಋತುವಿನ ಗಾಳಿ ನೋಡಿರಬೇಕು. ಮೋಡ ಓದಲು ಬರಬೇಕು. ನಾನು ಹೋಗುತ್ತಿದ್ದ ಗಿರಣಿಯ ಅಜ್ಜ ನಿವೃತ್ತ ಶಾಲಾ ಮಾಸ್ತರು. ಅವರ ಬಳಿ ಕಲಿಯುತ್ತಿದ್ದವರಲ್ಲಿ ಒಬ್ಬಾಕೆ ಆಸ್ಪತ್ರೆಯ ನರ್ಸು.

2017ರಲ್ಲಿ ಯುನೆಸ್ಕೋ ಈ ಗಿರಣಿ ನಡೆಸುವ ವಿದ್ಯೆಯನ್ನೇ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ. ಕಿಂಡರ್‌ಡೈಕ್ ಎಂಬಲ್ಲಿ ಸಾಲಾಗಿ ನಿಂತ 19 ಗಾಳಿಗಿರಣಿಗಳನ್ನು 1997ರಲ್ಲೇ ವಿಶ್ವ ಪರಂಪರೆಯ ತಾಣವೆಂದು ಸಾರಿದ್ದರು. ಅದು ಕಟ್ಟಡಕ್ಕೆ ಸಿಕ್ಕ ಮಾನ. 2017ರದು ಕೈಗೆ ಸಿಕ್ಕ ಮಾನ. ಆಗ ಇಡೀ ದೇಶದಲ್ಲಿ ಗಿರಣಿಯಿಂದಲೇ ಬದುಕುವವರು ಸುಮಾರು 40 ಜನ ಮಾತ್ರ. ಉಳಿದ ಗಿರಣಿಗಳನ್ನು ತಿರುಗಿಸುತ್ತಿರುವವರು ಸಂಬಳವಿಲ್ಲದ ಈ ಜನ.

ಹಳೇ ಸಾಮಾನು ಯಾವಾಗ ಉಪಯೋಗಕ್ಕೆ ಬಂದೀತೆಂದು ಹೇಳಲಾಗದು. ಎರಡನೇ ಮಹಾಯುದ್ಧದಲ್ಲಿ ಪಂಪಿಗೆ ಎಣ್ಣೆ ಸಿಗದಾದಾಗ ಕಿಂಡರ್‌ಡೈಕಿನ ಗಾಳಿಗಿರಣಿಗಳನ್ನೇ ಮತ್ತೆ ಹೂಡಿ ನೀರು ಹೊರಹಾಕಿದ್ದರು. ಆಗ ನಡೆಸಬಲ್ಲವರು ಇನ್ನೂ ಇದ್ದರು. ಅದಕ್ಕೇ ಆಯಿತು.

ಬಿದ್ದುಹೋದವಕ್ಕೂ ಲೆಕ್ಕ

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅವರ ದಾಖಲೆಯ ಕ್ರಮ. ನಿಂತಿರುವ ಪ್ರತಿ ಗಿರಣಿಗೂ ಒಂದು ನಂಬರು. ನಮ್ಮ ಪಹಣಿಯಂತೆ ಅದಕ್ಕೊಂದು ಪುಟ. ಎಲ್ಲಿದೆ, ಯಾವ ಕೆಲಸದ್ದು, ರೆಕ್ಕೆಯ ಉದ್ದ ಎಷ್ಟು, ಯಾವ ವರ್ಷ ಏನು ರಿಪೇರಿಯಾಯಿತು, ಎಲ್ಲವೂ. ಇದು ಸರಿ, ಇರುವುದರ ಲೆಕ್ಕ ಯಾರಾದರೂ ಇಟ್ಟಾರು.

ಬಿದ್ದುಹೋದ, ಸುಟ್ಟುಹೋದ, ಕಿತ್ತುಹಾಕಿದ ಗಿರಣಿಗಳಿಗೂ ಅವರಲ್ಲಿ ಬೇರೆಯೇ ಪಟ್ಟಿ ಇದೆ. ಹಳೇ ನಕಾಶೆ, ಜಮೀನಿನ ಕಾಗದ, ಮದುವೆ ಫೋಟೋದ ಹಿಂದೆ ಕಂಡ ರೆಕ್ಕೆ, ಇವನ್ನೆಲ್ಲ ಹುಡುಕಿ ಒಬ್ಬೊಬ್ಬರು ಒಂದೊಂದು ತುಣುಕು ಸೇರಿಸುತ್ತಾರೆ. ಐಂಡ್‌ಹೋವನ್ ಊರಲ್ಲೇ ಕೋಲ್ಸ ಎಂಬ ನೀರಗಿರಣಿ ಇದೆ. ಅದನ್ನು ವಿನ್ಸೆಂಟ್ ವ್ಯಾನ್ ಗೋ 1884ರಲ್ಲಿ ಚಿತ್ರ ಬರೆದಿದ್ದಾನೆ. ಅವನು ಚಿತ್ರವೆಂದು ಬರೆದ. ಇವತ್ತು ಅದು ಆಗಿನ ಗಿರಣಿ ಹೇಗಿತ್ತೆಂಬ ಸಾಕ್ಷಿಯೂ ಹೌದು.

ಇನ್ನೊಂದು ಉಪಾಯ. ಕೆಲವು ಕಡೆ ರೆಕ್ಕೆಯ ಅಚ್ಚಿಗೆ ಸುತ್ತು ಎಣಿಸುವ ಮೀಟರು ಕೂರಿಸಿದ್ದಾರೆ. ವರ್ಷಕ್ಕೆ ಇಷ್ಟು ಸುತ್ತು ತಿರುಗಿದರೆ ಇಷ್ಟು ಸಹಾಯಧನ. ಸುಣ್ಣಬಣ್ಣ ಬಳಿದು ಬೀಗ ಹಾಕಿದವನಿಗೆ ಅದು ಸಿಗದು. ನಮ್ಮ ಸಬ್ಸಿಡಿ ಯೋಜನೆಗಳಿಗೆ ಇಂಥ ಒಂದು ಮೀಟರು ಇದ್ದಿದ್ದರೆ ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಗಾಳಿಗೂ ಗಡಿ, ನೀರಿಗೂ ಗುರುತು

ಗಿರಣಿ ಉಳಿಸುವುದೆಂದರೆ ಅದಕ್ಕೆ ಬರುವ ಗಾಳಿಯನ್ನೂ ಉಳಿಸಬೇಕು. ಸುತ್ತ ಮನೆ ಎದ್ದರೆ, ಮರ ಬೆಳೆದರೆ ರೆಕ್ಕೆ ತಿರುಗದು. ಅದಕ್ಕೆ ಅಲ್ಲಿ ಹಲವು ಕಡೆ ನಿಯಮವಿದೆ. ಗಿರಣಿಯಿಂದ 100 ಮೀಟರಿನ ಒಳಗೆ ರೆಕ್ಕೆಯ ಕೆಳತುದಿಗಿಂತ ಎತ್ತರ ಏನೂ ಕಟ್ಟಬಾರದು. ಅದರಾಚೆ 400 ಮೀಟರಿನವರೆಗೆ ದೂರ ಹೋದಷ್ಟೂ ಸ್ವಲ್ಪ ಸ್ವಲ್ಪ ಎತ್ತರಕ್ಕೆ ಅವಕಾಶ.

ನೀರಗಿರಣಿಯದು ಬೇರೆ ಜಗಳ. ಗಿರಣಿಯವನು ಹಳ್ಳಕ್ಕೆ ತೂಬಿನ ಬಾಗಿಲು ಹಾಕಿ ನೀರು ಎತ್ತರಿಸುತ್ತಾನೆ. ಎತ್ತರ ಹೆಚ್ಚಿದಷ್ಟೂ ಚಕ್ರಕ್ಕೆ ಬಲ. ಆದರೆ ಮೇಲಿನ ರೈತರ ಹುಲ್ಲುಗಾವಲು ಮುಳುಗುತ್ತದೆ. ಅದಕ್ಕೆ ಹಿಂದಿನವರೇ ನೀರಿನ ಮಟ್ಟದ ಗುರುತು ನೆಟ್ಟಿದ್ದರು. ಅದನ್ನು ಮೀರಿ ನೀರು ನಿಲ್ಲಿಸುವಂತಿಲ್ಲ. ನಮ್ಮ ಕೆರೆ ಕೋಡಿಗೆ ಕಲ್ಲು ಏರಿಸಿದರೆ ಎಂಥ ಹೊಡೆದಾಟ ಆಗುತ್ತದೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಕರಾರುಗಳೂ ದಾಖಲೆಯ ಭಾಗವೇ. ಚಕ್ರದ ಅಳತೆ ಬರೆದು ನೀರಿನ ಕರಾರು ಬಿಟ್ಟರೆ ಅರ್ಧ ಕತೆ ಹೋಯಿತು.

ರೆಕ್ಕೆಗೆ ಭಾಷೆಯೂ ಇದೆ. ಮೇಲಿನ ರೆಕ್ಕೆ ನೆತ್ತಿಗೆ ಬರುವ ಸ್ವಲ್ಪ ಮೊದಲೇ ನಿಲ್ಲಿಸಿದರೆ ಮನೆಯಲ್ಲಿ ಸಂತೋಷ, ಮದುವೆಯೋ ಹೆರಿಗೆಯೋ. ನೆತ್ತಿ ದಾಟಿಸಿ ನಿಲ್ಲಿಸಿದರೆ ಸಾವು. ಜುಲೈ 2014ರಲ್ಲಿ ಆ ದೇಶದ ಜನ ತುಂಬಿದ್ದ ವಿಮಾನವೊಂದನ್ನು ಉಕ್ರೇನಿನ ಮೇಲೆ ಹೊಡೆದುರುಳಿಸಿದಾಗ ನಾಡಿನ ಗಿರಣಿಗಳು ಶೋಕದ ಭಂಗಿಯಲ್ಲಿ ನಿಂತಿದ್ದವಂತೆ. ನಮ್ಮ ಮೊಮ್ಮಗಳು ಹುಟ್ಟಿದ ಮರುವಾರ ಅಜ್ಜ ನನ್ನನ್ನು ಹೊರಗೆ ಕರೆದು ಬೆರಳು ಮೇಲೆ ಮಾಡಿದರು. ರೆಕ್ಕೆ ನೆತ್ತಿಗಿಂತ ಗೇಣು ಹಿಂದೆ ನಿಂತಿತ್ತು.

ನಮ್ಮ ಯಂತ್ರದ ಕತೆ

ಊರಿಗೆ ಬಂದ ಮೇಲೆ ಒಂದು ವಿಷಯ ತಿಳಿಯಿತು. 1986ರಲ್ಲಿ ಸರಕಾರಿ ಯೋಜನೆಯಲ್ಲಿ ನಮ್ಮಪ್ಪ ಹಾಕಿಸಿದ್ದು 12-ಪಿಯು-500 ಎಂಬ ನಮೂನೆ. 12 ಎಂದರೆ ರೆಕ್ಕೆ ಹನ್ನೆರಡು, 500 ಎಂದರೆ ಚಕ್ರದ ಅಡ್ಡಳತೆ 500 ಸೆಂಟಿಮೀಟರ್. ಅದನ್ನು ರೂಪಿಸಿದ್ದು ಉತ್ತರ ಪ್ರದೇಶದ ಗಾಜಿಪುರದ ಒಂದು ಗ್ರಾಮೀಣ ಸಂಸ್ಥೆ ಮತ್ತು ನೆದರ್‌ಲ್ಯಾಂಡ್ಸಿನ ಒಂದು ಗುಂಪು ಕೂಡಿ! ಅದಕ್ಕೂ ಮೊದಲು, 1960ರ ದಶಕದಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೂ ನೀರೆತ್ತುವ ಗಾಳಿಯಂತ್ರ ಮಾಡಿತ್ತು. ಅಂದರೆ ನಮ್ಮಲ್ಲೂ ಇದಕ್ಕೊಂದು ಚರಿತ್ರೆ ಇದೆ. ಬರೆದಿಟ್ಟವರು ಕಡಿಮೆ.

ನಮ್ಮ ಯಂತ್ರ ಯಾಕೆ ಹೋಯಿತು? ಪ್ರಾಮಾಣಿಕವಾಗಿ ಹೇಳುತ್ತೇನೆ. ಗಾಳಿ ಜೋರು ಬೀಸುವುದು ಆಷಾಢ, ಶ್ರಾವಣದಲ್ಲಿ. ನಮಗೆ ನೀರು ಬೇಕಾದದ್ದು ಹಿಂಗಾರಿಯಲ್ಲಿ, ಆಗ ಗಾಳಿ ಮಂದ. ಪಂಪಿನ ತೊಗಲಿನ ವಾಶರ್ ಸವೆದರೆ ಬದಲಿಸುವವರು ಮೊದಮೊದಲು ಬಂದರು, ಆಮೇಲೆ ಬರಲಿಲ್ಲ. ಅಪ್ಪ ಹಳೇ ಚಪ್ಪಲಿ ತೊಗಲು ಕತ್ತರಿಸಿ ಹಾಕಿ ನಡೆಸಿದರು. ಬರ ಬಂದು ಬಾವಿ ನೀರು ಇಳಿಯಿತು. ಪಂಪ್‌ಸೆಟ್ಟು ತಂದೆವು. 1999ರಲ್ಲಿ ನಾನೇ ಮುಂದೆ ನಿಂತು ಯಂತ್ರ ಬಿಚ್ಚಿಸಿ ಕೆಜಿ ಲೆಕ್ಕದಲ್ಲಿ ಗುಜರಿಗೆ ಕೊಟ್ಟೆ. ಅಪ್ಪ ಬೇಡವೆನ್ನಲಿಲ್ಲ. ಆವತ್ತು ಹೊಲಕ್ಕೆ ಬರಲೂ ಇಲ್ಲ.

ಕೊಟ್ಟದ್ದು ತಪ್ಪೆಂದು ಈಗಲೂ ಹೇಳುವುದಿಲ್ಲ. ಆ ಹಣ ಆ ವರ್ಷದ ಬೀಜಕ್ಕೆ ಬಂತು. ಒಂದು ದಿನ ತಡೆದು ಅಳತೆ ತೆಗೆದು, ಅಪ್ಪನ ಬಾಯಿಂದ ನಾಲ್ಕು ಮಾತು ಬರೆದುಕೊಳ್ಳಲಿಲ್ಲವಲ್ಲ, ಅದು ತಪ್ಪು. ತೊಗಲು ಯಾವ ಅಳತೆಗೆ ಕತ್ತರಿಸುತ್ತಿದ್ದರು, ಎಣ್ಣೆಯಲ್ಲಿ ಎಷ್ಟು ದಿನ ನೆನೆಸುತ್ತಿದ್ದರು, ಅದು ಅವರ ಜೊತೆಯೇ ಹೋಯಿತು.

ನಾವು ಮಾಡಬಹುದಾದದ್ದು

ಆ ದೇಶ ಹಣವುಳ್ಳದ್ದು. ನಾವು ಎಲ್ಲವನ್ನೂ ನಿಲ್ಲಿಸಿಕೊಳ್ಳಲಾರೆವು. ಆದರೆ ಬರೆದಿಡಲು ಒಂದು ನೋಟ್‌ಬುಕ್ಕು, ಒಂದು ಟೇಪು, ಒಂದು ಫೋನು ಸಾಕು. ನಿಮ್ಮೂರಲ್ಲಿ ಹಳೇ ಗಾಳಿಯಂತ್ರ, ಗಾಣ, ಏತ, ಮೊಟ್ಟೆ ಬಾವಿ ಏನೇ ಇರಲಿ, ಹೀಗೆ ಮಾಡಬಹುದು.

1. ಜಾಗ ಮೊದಲು ಬರೆಯಿರಿ: ಊರು, ಸರ್ವೆ ನಂಬರು, ಯಾವ ವರ್ಷ ಯಾರು ಹಾಕಿಸಿದ್ದು.

2. ಬಿಚ್ಚುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಎತ್ತರ ತಿಳಿಯುತ್ತದೆ.

3. ಪ್ರತಿ ಭಾಗದ ಅಳತೆ ಬರೆಯಿರಿ. ಹಲ್ಲಿನ ಚಕ್ರವಿದ್ದರೆ ಹಲ್ಲು ಎಣಿಸಿ. ಹಲ್ಲಿನ ಲೆಕ್ಕ ಸಿಕ್ಕರೆ ವೇಗದ ಲೆಕ್ಕ ಸಿಗುತ್ತದೆ.

4. ಭಾಗಗಳಿಗೆ ನಿಮ್ಮೂರ ಹೆಸರೇ ಬರೆಯಿರಿ. ಸಾಮಾನಿಗಿಂತ ಮೊದಲು ಹೆಸರು ಸಾಯುತ್ತದೆ.

5. ನಡೆಸಿದವರನ್ನು ಕೂರಿಸಿ ಮಾತಾಡಿಸಿ, ಫೋನಿನಲ್ಲಿ ಧ್ವನಿ ಹಿಡಿಯಿರಿ. ಹೆಂಗಸರನ್ನು ಬಿಡಬೇಡಿ. ನಮ್ಮ ಯಂತ್ರದ ತೊಟ್ಟಿ ತುಂಬಿತೋ ಇಲ್ಲವೋ ಎಂದು ಹದಿಮೂರು ವರ್ಷ ನೋಡಿದ್ದು ನಮ್ಮವ್ವ.

6. ಯಾಕೆ ನಿಂತಿತು ಎಂಬುದನ್ನು ಮುಚ್ಚದೆ ಬರೆಯಿರಿ. ಮುಂದೆ ಮಾಡುವವನಿಗೆ ಬೇಕಾದ್ದು ಅದೇ.

7. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಊರ ಶಾಲೆಯಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ ಇಡಿ.

8. ಇನ್ನೂ ತಿರುಗುವಂತಿದ್ದರೆ ತಿಂಗಳಿಗೊಮ್ಮೆ ತಿರುಗಿಸಿ. ತಿರುಗಿಸುವಾಗ ಒಬ್ಬ ಹುಡುಗನೋ ಹುಡುಗಿಯೋ ಜೊತೆಗಿರಲಿ.

ನಮ್ಮದರ ಪುಟವನ್ನೂ ತಡವಾಗಿ ಬರೆದೆವು. ನಾನು, ತಮ್ಮನ ಮಗ ಟೇಪು ಹಿಡಿದು ಬೋಲ್ಟಿನಿಂದ ಬೋಲ್ಟಿಗೆ ಅಳೆದೆವು. ಅವ್ವ ಬಾವಿ ಕಟ್ಟೆಯ ಮೇಲೆ ಕೂತು ಹೇಳುತ್ತಾ ಹೋದಳು. "ತೊಗಲು ಎಳ್ಳೆಣ್ಣ್ಯಾಗ ಮೂರು ದಿನ ನೆನೀತಿತ್ತು. ನನ್ನ ಬಾನದಾಗ ನೆನಸಾಂವ, ಅದಕ್ಕ ನೆನಪೈತಿ" ಎಂದಳು. ಹೋಯಿತೆಂದುಕೊಂಡಿದ್ದೆ, ಅಡಿಗೆಮನೆಯಲ್ಲಿ ಉಳಿದಿತ್ತು. ಇಷ್ಟು ವರ್ಷ ಅವ್ವನನ್ನು ನಾನು ಕೇಳಿರಲೇ ಇಲ್ಲ.

ಈಗ ನಮ್ಮ ಹೊಲದಿಂದ ಕಪ್ಪತಗುಡ್ಡದ ಕಡೆ ನೋಡಿದರೆ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ಸಾಲುಸಾಲು ಕಾಣುತ್ತವೆ. ಒಂದು ದಿನ ಅವೂ ಹಳೇವಾಗುತ್ತವೆ. ಹುಡುಗ ನೋಟ್‌ಬುಕ್ಕಿನ ಮುಂದಿನ ಪುಟಕ್ಕೆ ಅವುಗಳ ರೆಕ್ಕೆ ಎಣಿಸಿ ಬರೆದಿದ್ದಾನೆ.